ನಮ್ಮೂರ ಸರ್ಕಾರಿ ಪ್ರೌಢಶಾಲೆಯ ಎಸ್‌ಎಸ್‌ಎಲ್‌ಸಿ ಫಲಿತಾಂಶ ಇಳಿದಿದೆ, ಮಗಳನ್ನು ಬೇರೆ ಶಾಲೆಗೆ ಸೇರಿಸೋದಾ?

ಪ್ರಶ್ನೆ: ಮೇಷ್ಟ್ರೇ, ನಮ್ಮದು ಬಯಲುಸೀಮೆಯ ಒಂದು ಹೋಬಳಿ ಊರು. ಇಲ್ಲಿನ ಸರ್ಕಾರಿ ಪ್ರೌಢಶಾಲೆಯ ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಸಮಿತಿಯಲ್ಲಿ) ನಾನೂ ಒಬ್ಬ ಸದಸ್ಯ. 2023ರಲ್ಲಿ ಎಸ್‌ಎಸ್‌ಎಲ್‌ಸಿಗೆ ಕೂತ 39 ಮಕ್ಕಳಲ್ಲಿ 34 ಮಕ್ಕಳು ಪಾಸಾದರು. 2024ರಲ್ಲಿ 42ಕ್ಕೆ 31. 2025ರಲ್ಲಿ 40ಕ್ಕೆ 25. ಊರಲ್ಲಿ ಎಲ್ಲರೂ ಮೇಷ್ಟ್ರುಗಳನ್ನು ಬೈಯುತ್ತಿದ್ದಾರೆ. ತಾಲ್ಲೂಕು ಕೇಂದ್ರದ ಒಂದು ಖಾಸಗಿ ಶಾಲೆಯವರು ನಮ್ಮ ಬಸ್‌ಸ್ಟ್ಯಾಂಡಿನಲ್ಲೇ ‘ಶೇ. 100 ಫಲಿತಾಂಶ’ ಅಂತ ಫ್ಲೆಕ್ಸ್ ಹಾಕಿದ್ದಾರೆ. ನನ್ನ ಮಗಳು ಈಗ ನಮ್ಮೂರ ಶಾಲೆಯಲ್ಲಿ 9ನೇ ತರಗತಿ, ಕನ್ನಡ ಮಾಧ್ಯಮ. ಅವಳನ್ನು ಅಲ್ಲಿಗೆ ಸೇರಿಸೋದಾ? ನಮ್ಮ ಶಾಲೆ ನಿಜವಾಗಿಯೂ ಇಷ್ಟು ಕೆಟ್ಟಿದೆಯಾ? ಸಭೆಯಲ್ಲಿ ಕೂತು ನಾವು ಏನು ಕೇಳಬೇಕು?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಪ್ರೌಢಶಾಲೆಯಲ್ಲಿ ಗಣಿತ ಪಾಠ ಮಾಡಿ ನಿವೃತ್ತನಾದವನು ನಾನು. ಎಷ್ಟೋ ವರ್ಷ ಬೇಸಿಗೆಯಲ್ಲಿ ಮೌಲ್ಯಮಾಪನ ಕೇಂದ್ರದಲ್ಲಿ ಕೂತು ಎಸ್‌ಎಸ್‌ಎಲ್‌ಸಿ ಪತ್ರಿಕೆ ತಿದ್ದಿದ್ದೇನೆ. ಆ ಅನುಭವದ ಮೇಲೆ ಮೊದಲೇ ಹೇಳಿಬಿಡುತ್ತೇನೆ. ನೀವು ಕೊಟ್ಟ ಈ ಮೂರು ಲೆಕ್ಕದಿಂದ ನಿಮ್ಮ ಶಾಲೆ ಕೆಟ್ಟಿತು ಅಂತ ಹೇಳಲು ಬರುವುದಿಲ್ಲ. ಹಾಗಂತ ಎಲ್ಲ ಸರಿಯಿದೆ ಅಂತಲೂ ಅಲ್ಲ. 15 ಮಕ್ಕಳು ಫೇಲಾಗಿದ್ದಾರೆ. ಅದು ಸಣ್ಣ ವಿಷಯವಲ್ಲ. ಆದರೆ ಆ ಮಕ್ಕಳು ಎಲ್ಲಿ ಎಡವಿದರು ಅನ್ನುವುದು ಪರ್ಸೆಂಟೇಜಿನಲ್ಲಿ ಕಾಣುವುದಿಲ್ಲ. ಅದಕ್ಕೆ ಬೇರೆ ಕಡೆ ನೋಡಬೇಕು.

ಮೊದಲು ಪರ್ಸೆಂಟೇಜಿನ ಮಾತು ಮುಗಿಸೋಣ. ನಿಮ್ಮ ಶಾಲೆಯ ಲೆಕ್ಕವನ್ನು ಶೇಕಡಕ್ಕೆ ತಂದರೆ 2023ರಲ್ಲಿ ಸುಮಾರು 87, 2024ರಲ್ಲಿ 74, 2025ರಲ್ಲಿ 62.5. ಈಗ ಇಡೀ ರಾಜ್ಯದ ಲೆಕ್ಕ ನೋಡಿ. 2023ರಲ್ಲಿ ಶೇ. 83.89. 2024ರಲ್ಲಿ ಶೇ. 73.40. 2025ರಲ್ಲಿ ಶೇ. 66.14. ನಿಮ್ಮ ಶಾಲೆ ಒಂಟಿಯಾಗಿ ಜಾರಿಲ್ಲ, ರಾಜ್ಯದ ಜೊತೆಜೊತೆಗೇ ಇಳಿದಿದೆ. 2025ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳ ಫಲಿತಾಂಶ ಶೇ. 62.7 ಇತ್ತು. ನಿಮ್ಮದು ಹೆಚ್ಚುಕಮ್ಮಿ ಅದೇ ಜಾಗದಲ್ಲಿದೆ. ನಿಮ್ಮೂರ ಮೇಷ್ಟ್ರುಗಳನ್ನೇ ಬೈಯಬೇಕು ಅಂದರೆ ರಾಜ್ಯದ ಎಲ್ಲ ಮೇಷ್ಟ್ರುಗಳೂ ಒಟ್ಟಿಗೇ ಪಾಠ ಮಾಡುವುದು ಬಿಟ್ಟರು ಅಂತ ನಂಬಬೇಕಾಗುತ್ತದೆ. ಅದು ಆಗುವ ಮಾತಲ್ಲ, ಅಲ್ವಾ?

ಹಾಗಾದರೆ ಆದದ್ದೇನು? ಅಳತೆ ಬದಲಾಯಿತು. ಒಂದು ವರ್ಷ ರಾಗಿಯನ್ನು ಪಾವಿನಲ್ಲಿ ಅಳೆದು, ಮರುವರ್ಷ ಸೇರಿನಲ್ಲಿ ಅಳೆದು, ಎಣಿಕೆ ಕಮ್ಮಿ ಬಂತು, ಬೆಳೆ ಹೋಯ್ತು ಅಂದ ಹಾಗೆ. 2021ರಲ್ಲಿ ಕೊರೋನಾ ಕಾರಣಕ್ಕೆ ಎರಡೇ ದಿನದಲ್ಲಿ ಪರೀಕ್ಷೆ ಮುಗಿಸಿದರು. ಮೂರು ವಿಷಯ ಸೇರಿಸಿ ಒಂದು ಪತ್ರಿಕೆ, ಎಲ್ಲವೂ ಸರಿ ಉತ್ತರ ಆರಿಸುವ ಪ್ರಶ್ನೆ. ಫಲಿತಾಂಶ ಶೇ. 99.9 ಬಂತು. ಆ ವರ್ಷದ ಮಕ್ಕಳು ಎಲ್ಲರಿಗಿಂತ ಬುದ್ಧಿವಂತರು ಅಂತ ಯಾರೂ ಹೇಳಲಿಲ್ಲ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು. ಜಿಲ್ಲಾ ಮಟ್ಟದಲ್ಲಿ ಕೂತು ನೇರವಾಗಿ ನೋಡುವ ವೆಬ್‌ಕಾಸ್ಟಿಂಗ್ ಶುರುವಾಯಿತು. ಕಿಟಕಿಯಿಂದ ಚೀಟಿ ಬರುವುದು, ಒಳಗಿದ್ದವರೇ ಪಿಸುಗುಟ್ಟುವುದು, ಇವೆಲ್ಲ ಬಹಳಷ್ಟು ನಿಂತವು. ಇದು ಒಳ್ಳೆಯದೇ ಆಯಿತು ಅಂತ ನನ್ನ ಗಟ್ಟಿ ಅಭಿಪ್ರಾಯ. ಕಷ್ಟಪಟ್ಟು ಓದಿ 60 ತೆಗೆದ ಹುಡುಗಿಯ ಪಕ್ಕದಲ್ಲಿ, ನೋಡಿ ಬರೆದು 75 ತೆಗೆದವನು ಕೂರುತ್ತಿದ್ದ. ಅವಳಿಗೆ ಆಗುತ್ತಿದ್ದ ಅನ್ಯಾಯ ನಮಗೆ ಕಾಣುತ್ತಲೇ ಇರಲಿಲ್ಲ.

ಆದರೆ ಫಲಿತಾಂಶ ತೀರಾ ಕುಸಿಯಿತು ಅಂತ ಆ ವರ್ಷ ಕೃಪಾಂಕವನ್ನು, ಅಂದರೆ ಪಾಸಾಗಲಿ ಅಂತ ಸೇರಿಸಿ ಕೊಡುವ ಅಂಕವನ್ನು, ಶೇ. 10ರಿಂದ ಶೇ. 20ಕ್ಕೆ ಏರಿಸಿದರು. ಆ ಕೃಪಾಂಕ ಇರದಿದ್ದರೆ 2024ರ ಫಲಿತಾಂಶ ಶೇ. 54ರ ಆಸುಪಾಸಿನಲ್ಲಿ ನಿಲ್ಲುತ್ತಿತ್ತು. 2025ರಲ್ಲಿ ಕೃಪಾಂಕವನ್ನೇ ತೆಗೆದುಹಾಕಿದರು. ಕ್ಯಾಮೆರಾ ಉಳಿಯಿತು. ಆಗ ಬಂದದ್ದು ಶೇ. 66.14. ಈಗ ಹೇಳಿ, 2024ರಿಂದ 2025ಕ್ಕೆ ರಾಜ್ಯ ಇಳಿಯಿತಾ, ಏರಿತಾ? ಪತ್ರಿಕೆಯ ತಲೆಬರಹ ನೋಡಿದರೆ ಏಳು ಪರ್ಸೆಂಟ್ ಇಳಿದಿದೆ. ಕೃಪಾಂಕ ಪಕ್ಕಕ್ಕಿಟ್ಟು ನೋಡಿದರೆ ಮಕ್ಕಳು ಚೆನ್ನಾಗಿಯೇ ಏರಿದ್ದಾರೆ.

ಇದನ್ನೇ ನಿಮ್ಮ ಶಾಲೆಗೂ ಹಚ್ಚಿ ನೋಡಿ. 2024ರಲ್ಲಿ ಪಾಸಾದ 31 ಮಕ್ಕಳಲ್ಲಿ ಕೃಪಾಂಕದಿಂದ ದಾಟಿದವರು ಎಷ್ಟು ಜನ ಅಂತ ಮುಖ್ಯ ಶಿಕ್ಷಕರನ್ನು ಕೇಳಿ. ಅವರ ಬಳಿ ಈ ಲೆಕ್ಕ ಇರುತ್ತದೆ. ಎಂಟು ಜನ ಅಂತ ಬಂದರೆ, ಸ್ವಂತ ಅಂಕದಿಂದ ಪಾಸಾದವರು 23 ಜನ ಅಂತಾಯಿತು. 42ರಲ್ಲಿ 23 ಎಲ್ಲಿ, 40ರಲ್ಲಿ 25 ಎಲ್ಲಿ? ನೀವು ಬೈಯುತ್ತಿರುವ ವರ್ಷವೇ ನಿಮ್ಮ ಶಾಲೆ ಸುಧಾರಿಸಿದ ವರ್ಷ ಆಗಿದ್ದರೂ ಇರಬಹುದು.

ಇನ್ನೊಂದು ಎಚ್ಚರ. 2025-26ರ ಸಾಲಿನಿಂದ ಪಾಸಿನ ಗೆರೆಯೇ ಬದಲಾಗಿದೆ. ಮೊದಲು ಶೇ. 35 ಇತ್ತು. ಈಗ ಒಟ್ಟು ಶೇ. 33, ಅಂದರೆ 625ಕ್ಕೆ 206. ಜೊತೆಗೆ ಪ್ರತಿ ವಿಷಯದಲ್ಲಿ, ಶಾಲೆಯಲ್ಲೇ ಕೊಡುವ ಆಂತರಿಕ ಅಂಕವೂ ಸೇರಿ, ಕನಿಷ್ಠ ಶೇ. 30 ಬರಬೇಕು. ಹಾಗಾಗಿ 2026ರಲ್ಲಿ ಫಲಿತಾಂಶ ಏರಿತು ಅಂತ ಯಾರಾದರೂ ಪಟಾಕಿ ಹೊಡೆದರೆ, ಅದನ್ನೂ ಹಾಗೇ ನಂಬಬೇಡಿ. ಇಳಿದಾಗ ಬೈಯುವ ಮುಂಚೆ ಕೇಳಬೇಕಾದ ಪ್ರಶ್ನೆಯನ್ನೇ ಏರಿದಾಗಲೂ ಕೇಳಬೇಕು.

ಆಮೇಲೆ, ನಿಮ್ಮ ಶಾಲೆಯಲ್ಲಿ ಇರುವುದೇ 40 ಮಕ್ಕಳು. ಒಂದು ಮಗು ಅಂದರೆ ಎರಡೂವರೆ ಪರ್ಸೆಂಟ್. ಮಾರ್ಚ್ ತಿಂಗಳಲ್ಲಿ ಒಬ್ಬನಿಗೆ ಕಾಮಾಲೆ ಬಂದು, ಇನ್ನೊಬ್ಬಳ ಮನೆಯಲ್ಲಿ ಸಾವಾಗಿ, ಮತ್ತೊಬ್ಬ ಗಣಿತದ ದಿನ ಗಾಬರಿಯಾಗಿ ಪತ್ರಿಕೆ ಖಾಲಿ ಬಿಟ್ಟು ಬಂದರೆ ಅಷ್ಟಕ್ಕೇ ಏಳೂವರೆ ಪರ್ಸೆಂಟ್ ಹೋಯಿತು. ಇಷ್ಟು ಸಣ್ಣ ಶಾಲೆಯ ಫಲಿತಾಂಶವನ್ನು ಒಂದು ವರ್ಷದ ಮೇಲೆ ತೂಗಬಾರದು. ನಾಲ್ಕೈದು ವರ್ಷ ಒಟ್ಟು ಮಾಡಿ ನೋಡಬೇಕು. ಅದನ್ನೂ ಅದೇ ವರ್ಷದ ತಾಲ್ಲೂಕು, ಜಿಲ್ಲೆ, ರಾಜ್ಯದ ಫಲಿತಾಂಶದ ಪಕ್ಕ ಇಟ್ಟು ನೋಡಬೇಕು.

ಆ ಶೇ. 100ರ ಫ್ಲೆಕ್ಸ್ ಬಗ್ಗೆ. ಆ ಶಾಲೆ ಒಳ್ಳೆಯದೇ ಇರಬಹುದು, ನಾನು ಅದನ್ನು ಹಳಿಯುವುದಿಲ್ಲ. ಆದರೆ ಒಂದು ಪ್ರಶ್ನೆ ಕೇಳಿ. 8ನೇ ತರಗತಿಗೆ ಎಷ್ಟು ಮಕ್ಕಳು ಸೇರಿದ್ದರು, 10ನೇ ತರಗತಿಯಲ್ಲಿ ಪರೀಕ್ಷೆಗೆ ಎಷ್ಟು ಮಕ್ಕಳು ಕೂತರು? ನಡುವೆ ‘ನಿಮ್ಮ ಹುಡುಗನಿಗೆ ಇಲ್ಲಿ ಕಷ್ಟ’ ಅಂತ ಟಿಸಿ ಕೊಟ್ಟು ಕಳಿಸಿದ ಮಕ್ಕಳು ಎಲ್ಲಿಗೆ ಹೋದರು? ನನ್ನ ಸರ್ವೀಸಿನಲ್ಲಿ ಅಂಥ ಮಕ್ಕಳು 9ನೇ ತರಗತಿಯ ನಡುವೆ ಟಿಸಿ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದದ್ದನ್ನು ನೋಡಿದ್ದೇನೆ. ನಾವು ಸೇರಿಸಿಕೊಂಡೆವು. ಸರ್ಕಾರಿ ಶಾಲೆ ಯಾರನ್ನೂ ಬೇಡ ಅನ್ನುವ ಹಾಗಿಲ್ಲ, ಅನ್ನಲೂಬಾರದು. ಆ ಕಡೆ ಫಲಿತಾಂಶ ಏರುತ್ತದೆ, ಈ ಕಡೆ ಇಳಿಯುತ್ತದೆ.

ಇದಕ್ಕೂ ಮುಂಚೆ ಇನ್ನೊಂದು ಜರಡಿ ಆಡಿರುತ್ತದೆ. ಪ್ರವೇಶ ಪರೀಕ್ಷೆ ಬರೆದು ಚೆನ್ನಾಗಿ ಅಂಕ ತೆಗೆದ ಮಕ್ಕಳು 6ನೇ ತರಗತಿಗೇ ಮೊರಾರ್ಜಿ ದೇಸಾಯಿ ವಸತಿ ಶಾಲೆಗೋ ಆದರ್ಶ ವಿದ್ಯಾಲಯಕ್ಕೋ ಹೋಗಿರುತ್ತಾರೆ. ಕೈಯಲ್ಲಿ ಸ್ವಲ್ಪ ಕಾಸು ಓಡಾಡುವ ಮನೆಯವರು ವ್ಯಾನ್ ಹತ್ತಿಸಿ ಪೇಟೆಗೆ ಕಳಿಸಿರುತ್ತಾರೆ. ಉಳಿದವರು ನಿಮ್ಮೂರ ಪ್ರೌಢಶಾಲೆಗೆ ಬರುತ್ತಾರೆ. ಅವರಿಗೆ ಬುದ್ಧಿ ಕಮ್ಮಿ ಅಂತಲ್ಲ. ಮನೆಯಲ್ಲಿ ಓದಿಸುವವರು ಕಮ್ಮಿ, ಅಷ್ಟೇ. 2025ರಲ್ಲಿ ಅನುದಾನರಹಿತ ಖಾಸಗಿ ಶಾಲೆಗಳ ಫಲಿತಾಂಶ ಶೇ. 75.59, ಸರ್ಕಾರಿ ಶಾಲೆಗಳದ್ದು ಶೇ. 62.7. ನಡುವೆ ಇರುವುದು 13 ಪರ್ಸೆಂಟ್ ಅಂತರ. ಸಂಬಳ, ಟ್ಯೂಷನ್, ಮನೆಯ ಓದು ಎಲ್ಲ ಸೇರಿ ಇಷ್ಟೇ ಅಂತರ ಅಂದರೆ, ಸರ್ಕಾರಿ ಶಾಲೆಯ ಮೇಷ್ಟ್ರುಗಳು ಸುಮ್ನೆ ಕೂತಿಲ್ಲ ಅಂತ ನನಗನ್ನಿಸುತ್ತದೆ. ಅನುದಾನಿತ ಶಾಲೆಗಳು ಶೇ. 58.97ರಲ್ಲಿ ಇನ್ನೂ ಕೆಳಗಿದ್ದವು ಅನ್ನುವುದನ್ನೂ ನೆನಪಿಡಿ.

ಇನ್ನು ನಿಜವಾದ ವಿಷಯಕ್ಕೆ ಬರುತ್ತೇನೆ. ಆ 15 ಮಕ್ಕಳು ಎಲ್ಲಿ ಎಡವಿದರು? ಗಣಿತದ ಒಂದೇ ಒಂದು ಪ್ರಶ್ನೆ ಹಿಡಿದು ತೋರಿಸುತ್ತೇನೆ. ಇಂಥದ್ದು ಸಾಮಾನ್ಯವಾಗಿ ಪರೀಕ್ಷೆಯಲ್ಲಿ ಬರುತ್ತದೆ: ‘ಒಂದು ಆಯತದ ಉದ್ದವು ಅದರ ಅಗಲಕ್ಕಿಂತ 3 ಮೀಟರ್ ಹೆಚ್ಚು. ವಿಸ್ತೀರ್ಣ 40 ಚದರ ಮೀಟರ್ ಆದರೆ ಅಗಲ ಎಷ್ಟು?’

ಒಬ್ಬ ಹುಡುಗ ಇದನ್ನು ಓದಿ, ಉದ್ದ 3 ಮೀಟರ್ ಅಂತ ಬರೆದುಕೊಂಡ. 40ನ್ನು 3ರಿಂದ ಭಾಗಿಸಿದ. 13.33 ಬಂತು. ಉತ್ತರ ಬರೆದು ಕೆಳಗೆ ಗೆರೆಯನ್ನೂ ಎಳೆದ. ಸೊನ್ನೆ. ಆಮೇಲೆ ಅವನನ್ನು ಪಕ್ಕಕ್ಕೆ ಕೂರಿಸಿಕೊಂಡು ಗಟ್ಟಿಯಾಗಿ ಓದಿಸಿದೆ. ‘ಒಂದು... ಆಯತದ... ಉದ್ದವು... ಅದರ... ಅಗಲ... 3 ಮೀಟರ್ ಹೆಚ್ಚು.’ ‘ಅಗಲಕ್ಕಿಂತ’ ಅನ್ನುವ ಪದದ ಕೊನೆಯನ್ನು ಅವನು ನುಂಗಿಬಿಟ್ಟ. ಆ ಒತ್ತಕ್ಷರ ಬಂದಲ್ಲಿ ಅವನ ಕಣ್ಣು ಹಾರಿಹೋಗುತ್ತದೆ. ಅವನು ಫೇಲಾದದ್ದು ವರ್ಗ ಸಮೀಕರಣದಲ್ಲಿ ಅಲ್ಲ. ‘ಕ್ಕಿಂತ’ದಲ್ಲಿ.

ಅವನ ಹಿಂದಿನ ಬೆಂಚಿನ ಹುಡುಗಿ ಪ್ರಶ್ನೆಯನ್ನು ಸರಿಯಾಗಿಯೇ ಓದಿದಳು. ಅಗಲ ಎಕ್ಸ್ ಅಂದುಕೊಂಡಳು. ಎಕ್ಸ್ ವರ್ಗ + 3 ಎಕ್ಸ್ − 40 = 0 ಅಂತ ಸಮೀಕರಣವನ್ನೂ ತಂದಳು. ಸೂತ್ರವನ್ನು ತಪ್ಪಿಲ್ಲದೆ ಬರೆದಳು. ವರ್ಗಮೂಲದ ಒಳಗೆ 9ರಿಂದ 4 × 1 × (−40) ಕಳೆಯಬೇಕು. ಮೈನಸ್ 160ನ್ನು ಕಳೆದರೆ 160 ಕೂಡಿದ ಹಾಗೆ, ಅಂದರೆ 169. ಅದರ ವರ್ಗಮೂಲ 13, ಅಗಲ 5 ಮೀಟರ್. ಅವಳು ಬರೆದದ್ದು 9 − 160 = −151. ಅಲ್ಲಿಗೆ ನಿಂತಳು. ಮೈನಸ್ಸಿಗೆ ವರ್ಗಮೂಲ ಹೇಗೆ ತೆಗೆಯೋದು ಅಂತ ತೋಚದೆ ಎರಡು ಸಲ ಅಳಿಸಿ ಬರೆದು ಕಾಗದ ತೂತಾಗಿತ್ತು. ಅವಳಿಗೆ ಅರ್ಧದಷ್ಟು ಅಂಕ ಸಿಗುತ್ತದೆ. ಆದರೆ ಅವಳು ಎಡವಿದ್ದು 10ನೇ ತರಗತಿಯ ಪಾಠದಲ್ಲಲ್ಲ. ಮೈನಸ್ ಸಂಖ್ಯೆಯನ್ನು ಕಳೆಯುವುದು ಹಿರಿಯ ಪ್ರಾಥಮಿಕ ಶಾಲೆಯ ಲೆಕ್ಕ.

ಈ ಇಬ್ಬರೂ ಗಣಿತದಲ್ಲಿ ಫೇಲು. ಅಂಕಪಟ್ಟಿಯಲ್ಲಿ ಇಬ್ಬರೂ ಒಂದೇ ಥರ ಕಾಣುತ್ತಾರೆ. ಆದರೆ ಇಬ್ಬರಿಗೂ ಬೇಕಾದ ಔಷಧಿ ಬೇರೆ ಬೇರೆ. ಅವನಿಗೆ ಕನ್ನಡ ಓದು ಬೇಕು. ಅವಳಿಗೆ ಎರಡು ವಾರ ಪೂರ್ಣಾಂಕದ ಲೆಕ್ಕ ಸಾಕು, ಪಾಸಾಗುವುದಿರಲಿ, 60 ದಾಟುತ್ತಾಳೆ. ಇಬ್ಬರನ್ನೂ ಒಂದೇ ‘ವಿಶೇಷ ತರಗತಿ’ಯಲ್ಲಿ ಕೂರಿಸಿ ವರ್ಗ ಸಮೀಕರಣವನ್ನೇ ಮತ್ತೆ ಮತ್ತೆ ಹೇಳಿದರೆ ಇಬ್ಬರಿಗೂ ಉಪಯೋಗವಿಲ್ಲ. ನಾನೇ ಎಷ್ಟೋ ವರ್ಷ ಹಾಗೆ ಮಾಡಿದ್ದೇನೆ. ಸಂಜೆ ಆರರವರೆಗೆ ಕೂರಿಸಿಕೊಂಡು ಗಂಟಲು ಹರಿದುಕೊಂಡಿದ್ದೇನೆ. ಆ ಮಕ್ಕಳ ಸಂಜೆಗಳನ್ನು ಹಾಗೆ ಕಳೆದೆನಲ್ಲ ಅಂತ ಈಗಲೂ ಬೇಜಾರಾಗುತ್ತದೆ.

ಪ್ರೌಢಶಾಲೆಯ ಮೇಷ್ಟ್ರ ಕಷ್ಟವನ್ನೂ ಇಲ್ಲೇ ಹೇಳಬೇಕು. ಸುತ್ತಲಿನ ನಾಲ್ಕೈದು ಹಳ್ಳಿಯ ಹಿರಿಯ ಪ್ರಾಥಮಿಕ ಶಾಲೆಗಳಿಂದ ಮಕ್ಕಳು 8ನೇ ತರಗತಿಗೆ ಬಂದು ಸೇರುತ್ತಾರೆ. ಅಲ್ಲಿಂದ ಎಸ್‌ಎಸ್‌ಎಲ್‌ಸಿಗೆ ಉಳಿಯುವುದು ಮೂರು ವರ್ಷವೂ ಇಲ್ಲ. ಜೂನ್‌ನಲ್ಲಿ ಸೇತುಬಂಧ ಅಂತ ಕೆಲವು ದಿನ ಹಿಂದಿನ ತರಗತಿಯ ಪಾಠ ಮಾಡುತ್ತಾರೆ, ಆಮೇಲೆ ಸಿಲಬಸ್ ಮುಗಿಸುವ ಓಟ ಶುರು. ತಾಂಡಾದಿಂದ ಬರುವ ಮಗುವಿನ ಮನೆಮಾತು ಲಂಬಾಣಿ. ಗಡಿಯ ಕಡೆ ತೆಲುಗು. ಅವರು ಕನ್ನಡವನ್ನು ಚೆನ್ನಾಗಿ ಮಾತಾಡುತ್ತಾರೆ, ನಾವು ಅದನ್ನು ನೋಡಿ ಓದಲೂ ಬರುತ್ತದೆ ಅಂದುಕೊಳ್ಳುತ್ತೇವೆ. ಸಮಾಜ ವಿಜ್ಞಾನದ ಪುಸ್ತಕದ ಕನ್ನಡ ಬೇರೆಯೇ ಇದೆ. ಆ ಪುಸ್ತಕದ ಒಂದು ಪ್ಯಾರಾ ಓದಿ ಸ್ವಂತ ಮಾತಿನಲ್ಲಿ ಹೇಳಲು ಬರದ ಮಗು ಒಂದು ವಿಷಯದಲ್ಲಿ ಫೇಲಾಗುವುದಿಲ್ಲ, ಮೂರ್ನಾಲ್ಕು ವಿಷಯದಲ್ಲಿ ಒಟ್ಟಿಗೆ ಆಗುತ್ತದೆ.

ಈಗ ಪಾಸಿಂಗ್ ಪ್ಯಾಕೇಜ್ ವಿಷಯ. ನಿಮ್ಮ ಶಾಲೆಯಲ್ಲೂ ಇದು ನಡೆಯುತ್ತಿರುತ್ತದೆ. ಬಂದೇ ಬರುವ ಪ್ರಶ್ನೆಗಳನ್ನು ಆರಿಸಿ, ಹಿಂದುಳಿದ ಮಕ್ಕಳಿಗೆ ಅವನ್ನಷ್ಟೇ ಬಾಯಿಪಾಠ ಮಾಡಿಸುವುದು. ವಿಜ್ಞಾನದಲ್ಲಿ ಚಿತ್ರಗಳು, ಸಮಾಜದಲ್ಲಿ ಭೂಪಟ, ಕನ್ನಡದಲ್ಲಿ ಪದ್ಯದ ಕಂಠಪಾಠ, ಗಣಿತದಲ್ಲಿ ಗ್ರಾಫ್. ಜನವರಿಯಲ್ಲಿ ಕೈಗೆ ಸಿಕ್ಕ ಮಗುವನ್ನು ಮಾರ್ಚ್‌ನಲ್ಲಿ ದಡ ಸೇರಿಸಲು ಇದಕ್ಕಿಂತ ಬೇರೆ ದಾರಿ ಇಲ್ಲ, ಅದನ್ನು ಒಪ್ಪುತ್ತೇನೆ. ಮಾಡಲಿ. ಆದರೆ ಜೂನ್‌ನಲ್ಲೇ ‘ಇವನು ಪ್ಯಾಕೇಜ್ ಹುಡುಗ’ ಅಂತ ಬೇರೆ ಸಾಲಿನಲ್ಲಿ ಕೂರಿಸಿದರೆ ಅದು ದೊಡ್ಡ ತಪ್ಪು. ಆ ಮಗುವಿಗೆ ಇಡೀ ವರ್ಷ ಪಾಠವೇ ಸಿಗುವುದಿಲ್ಲ. ಪ್ರಶ್ನೆ ಸ್ವಲ್ಪ ತಿರುಗಿಸಿ ಕೇಳಿದರೂ ಕೈ ಚೆಲ್ಲುತ್ತದೆ. ಪಿಯುಸಿಗೆ ಹೋದ ಮೇಲಂತೂ ಮೊದಲ ತಿಂಗಳಲ್ಲೇ ಕಾಲೇಜು ಬಿಡುತ್ತದೆ.

ಪತ್ರಿಕೆಯ ನೀಲನಕ್ಷೆಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ನಾವು ತಿದ್ದುತ್ತಿದ್ದ 80 ಅಂಕದ ಗಣಿತ ಪತ್ರಿಕೆಯಲ್ಲಿ 8 ಬಹು ಆಯ್ಕೆ ಪ್ರಶ್ನೆ, ಒಂದು ಅಂಕದ 8, ಎರಡು ಅಂಕದ 8, ಮೂರು ಅಂಕದ 9, ನಾಲ್ಕು ಅಂಕದ 4, ಐದು ಅಂಕದ 1. ಮೊದಲ ಮೂರು ಭಾಗ ಸೇರಿಸಿದರೆ 32 ಅಂಕ ಆಯಿತು. ಲಿಖಿತ ಪರೀಕ್ಷೆಯಲ್ಲಿ ಪಾಸಾಗಲು ಬೇಕಿದ್ದದ್ದು 28. ಸಣ್ಣ ಪ್ರಶ್ನೆಗಳಿಗೆ ಬೇಕಾಗುವುದು ಬಾಯಿಪಾಠ ಅಲ್ಲ, ಬುಡ ಗಟ್ಟಿ ಇರುವುದು. ಪ್ರಶ್ನೆ ಓದಲು ಬಂದು, ಕೂಡಿ ಕಳೆದು ಗುಣಿಸಿ ಭಾಗಿಸುವುದು ತಪ್ಪಿಲ್ಲದೆ ಬಂದರೆ ಮಗು ಅರ್ಧ ಪತ್ರಿಕೆಯನ್ನು ಮುಟ್ಟದೆಯೂ ದಡ ಸೇರುತ್ತದೆ. ಪ್ಯಾಕೇಜಿಗೆ ಹಾಕುವ ಸಮಯದ ಅರ್ಧವನ್ನು ಈ ಬುಡಕ್ಕೆ ಹಾಕಿ ಅನ್ನುವುದು ನನ್ನ ಹಠ.

ಫೇಲಾದ 15 ಮಕ್ಕಳಲ್ಲಿ ಹುಡುಗರು ಎಷ್ಟು ಅಂತ ನೀವು ಬರೆದಿಲ್ಲ. ಬಹುಶಃ ಹತ್ತಕ್ಕಿಂತ ಜಾಸ್ತಿ ಇರಬಹುದು. 2025ರಲ್ಲಿ ರಾಜ್ಯದಲ್ಲಿ ಹುಡುಗಿಯರು ಶೇ. 74 ಪಾಸಾದರೆ ಹುಡುಗರು ಶೇ. 58.07. ಹದಿನಾರು ಪರ್ಸೆಂಟ್ ಅಂತರ. ಒಂದೇ ಮೇಷ್ಟ್ರು, ಒಂದೇ ಕ್ಲಾಸು, ಒಂದೇ ಪುಸ್ತಕ. ಸರ್ಕಾರಿ, ಖಾಸಗಿ ಶಾಲೆಗಳ ನಡುವಿನ ಅಂತರಕ್ಕಿಂತ ಇದು ದೊಡ್ಡದು. ಆದರೂ ಊರಿನ ಕಟ್ಟೆಯಲ್ಲಿ ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ. 9ನೇ ತರಗತಿಗೆ ಬರುವಷ್ಟರಲ್ಲಿ ಹುಡುಗನ ಕೈಗೆ ಮೊಬೈಲ್ ಬಂದಿರುತ್ತದೆ, ಬೈಕಿನ ಕೀ ಬಂದಿರುತ್ತದೆ. ಕಡಲೆಕಾಯಿ ಕೀಳಲು, ಟ್ರ್ಯಾಕ್ಟರ್ ಜೊತೆ ಹೋಗಲು, ಮದುವೆಯಲ್ಲಿ ಊಟ ಬಡಿಸಲು ಅವನನ್ನೇ ಕರೆಯುತ್ತಾರೆ. ವಾರಕ್ಕೆ ಎರಡು ದಿನ ಕ್ಲಾಸು ತಪ್ಪಿದರೆ ಗಣಿತ ಮತ್ತೆ ಹಿಡಿತಕ್ಕೆ ಸಿಗುವುದಿಲ್ಲ. ಹುಡುಗಿಗೆ ಶಾಲೆಯೇ ಹೊರಗೆ ಹೋಗಲು ಇರುವ ಒಂದೇ ದಾರಿ, ಅದಕ್ಕೇ ಅವಳು ಅದನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಾಳೆ. ಮೇಷ್ಟ್ರನ್ನು ಪ್ರಶ್ನೆ ಮಾಡುವ ಮುಂಚೆ ಹಾಜರಿ ಪುಸ್ತಕ ತರಿಸಿ, ಹುಡುಗರ ಗೈರುಹಾಜರಿ ಎಣಿಸಿ. ಆಮೇಲೆ ಆ ಅಪ್ಪಂದಿರನ್ನು ಕರೆಸಿ ಮಾತಾಡಿ. ಇದು ಮೇಷ್ಟ್ರು ಹೇಳಿದರೆ ನಡೆಯುವುದಿಲ್ಲ, ಊರಿನವರೇ ಆದ ನೀವು ಹೇಳಿದರೆ ನಡೆಯುತ್ತದೆ.

ಜಿಲ್ಲೆಗಳ ಪಟ್ಟಿ ಬಂದಾಗಲೂ ಹೀಗೇ ಆಗುತ್ತದೆ. 2025ರಲ್ಲಿ ದಕ್ಷಿಣ ಕನ್ನಡ ಶೇ. 91.12, ಉಡುಪಿ ಶೇ. 89.96, ಕೊನೆಯಲ್ಲಿ ಕಲಬುರಗಿ ಶೇ. 42.43. ಆ ಭಾಗದ ಎಷ್ಟೋ ಮನೆಗಳು ಸುಗ್ಗಿ ಮುಗಿದ ಮೇಲೆ ಗುಳೆ ಹೋಗುತ್ತವೆ. ಮಗು ಜೊತೆಗೆ ಹೋದರೆ ಪೂರ್ವಸಿದ್ಧತಾ ಪರೀಕ್ಷೆಯ ಹೊತ್ತಿಗೆ ಕ್ಲಾಸಿನಲ್ಲಿರುವುದಿಲ್ಲ. ಅಜ್ಜಿ ಜೊತೆ ಉಳಿದರೆ ಅಡುಗೆಯೂ ಅದರದ್ದೇ, ಓದೂ ಅದರದ್ದೇ. ಇದನ್ನೆಲ್ಲ ಬಿಟ್ಟು ಬರೀ ರ‍್ಯಾಂಕು ನೋಡಿ ‘ಆ ಕಡೆಯವರಿಗೆ ಓದು ಹತ್ತಲ್ಲ’ ಅನ್ನುವ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ.

ಸಭೆಯಲ್ಲಿ ಏನು ಕೇಳಬೇಕು ಅಂದಿರಿ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕಳಿಸಲು ಶಾಲೆಯವರು ಫಲಿತಾಂಶ ವಿಶ್ಲೇಷಣೆ ಮಾಡಿರುತ್ತಾರೆ. ಅದನ್ನು ತೋರಿಸಿ ಅನ್ನಿ. 15 ಮಕ್ಕಳಲ್ಲಿ ಒಂದೇ ವಿಷಯದಲ್ಲಿ ಫೇಲಾದವರು ಎಷ್ಟು, ನಾಲ್ಕೈದು ವಿಷಯದಲ್ಲಿ ಆದವರು ಎಷ್ಟು ಅಂತ ಬೇರೆ ಮಾಡಿ. ಬಹುಪಾಲು ಮಕ್ಕಳು ಗಣಿತ ಒಂದರಲ್ಲೇ ಹೋಗಿದ್ದರೆ, ಗಣಿತದ ಮೇಷ್ಟ್ರ ಹುದ್ದೆ ಖಾಲಿ ಇತ್ತಾ, ಅತಿಥಿ ಶಿಕ್ಷಕರು ಯಾವ ತಿಂಗಳು ಬಂದರು ಅಂತ ಕೇಳಿ. ಆಗಸ್ಟ್‌ನಲ್ಲಿ ಬಂದವರಿಂದ ಜೂನ್‌ನ ಪಾಠ ಕೇಳಲಾಗುವುದಿಲ್ಲ. ಆಗ ನೀವು ಅರ್ಜಿ ಹಿಡಿದು ಹೋಗಬೇಕಾದದ್ದು ಬಿಇಒ ಕಚೇರಿಗೆ, ಸ್ಟಾಫ್ ರೂಮಿಗಲ್ಲ. ನಾಲ್ಕೈದು ವಿಷಯದಲ್ಲಿ ಹೋದವರೇ ಜಾಸ್ತಿ ಇದ್ದರೆ, ಅದು ಓದಲು ಬರದ ಸಮಸ್ಯೆ.

ಆಂತರಿಕ ಅಂಕವನ್ನೂ ನೋಡಿ. ಮಗುವಿಗೆ ಶಾಲೆಯಲ್ಲಿ 20ಕ್ಕೆ 19 ಕೊಟ್ಟಿದ್ದು, ಲಿಖಿತದಲ್ಲಿ 80ಕ್ಕೆ 12 ಬಂದಿದ್ದರೆ ಎಲ್ಲೋ ತಪ್ಪಿದೆ. ಕರುಣೆಯಿಂದಲೇ ಕೊಟ್ಟಿರುತ್ತಾರೆ, ನನಗೆ ಗೊತ್ತು. ಆದರೆ ಆ 19 ನೋಡಿ ಮನೆಯವರು ‘ನಮ್ಮ ಹುಡುಗ ಚೆನ್ನಾಗಿ ಓದುತ್ತಿದ್ದಾನೆ’ ಅಂತ ನೆಮ್ಮದಿಯಾಗಿ ಇದ್ದುಬಿಡುತ್ತಾರೆ. ಮೇ ತಿಂಗಳಲ್ಲಿ ಗೊತ್ತಾಗುವುದು ಅಕ್ಟೋಬರ್‌ನಲ್ಲೇ ಗೊತ್ತಾಗಬೇಕಿತ್ತು.

ಆಮೇಲೆ 8 ಮತ್ತು 9ನೇ ತರಗತಿಯ ಪ್ರತಿ ಮಗುವನ್ನೂ ಒಂದೊಂದಾಗಿ ಕೂರಿಸಿ, ಪಠ್ಯದ ಒಂದು ಪ್ಯಾರಾ ಓದಿಸಿ, ಹತ್ತು ಸಣ್ಣ ಲೆಕ್ಕ ಮಾಡಿಸಿ ನೋಡಲು ಮುಖ್ಯ ಶಿಕ್ಷಕರನ್ನು ಕೇಳಿಕೊಳ್ಳಿ. ಒಂದು ಮಗುವಿಗೆ ಹತ್ತು ನಿಮಿಷ. 80 ಮಕ್ಕಳಿಗೆ ಒಂದು ವಾರ ಸಾಕು. ಇದು ಮೇಷ್ಟ್ರ ಎದುರಿಗೆ ಮಾತ್ರ ಆಗಬೇಕು. ಸಭೆಯಲ್ಲಿ ಎಲ್ಲರ ಮುಂದೆ ನಿಲ್ಲಿಸಿ ಓದಿಸಬೇಡಿ. ಹದಿನಾಲ್ಕು ವರ್ಷದ ಮಗು ಊರ ಮುಂದೆ ತಡವರಿಸಿದರೆ ಮರುದಿನದಿಂದ ಶಾಲೆಗೇ ಬರುವುದಿಲ್ಲ.

ಈ ವರ್ಷ 10ನೇ ತರಗತಿಯಲ್ಲಿರುವ ಮಕ್ಕಳಿಗೆ ಹೊತ್ತು ಕಮ್ಮಿ ಉಳಿದಿದೆ. ಅವರಿಗೆ ಪ್ಯಾಕೇಜ್ ನಡೆಯಲಿ, ಜೊತೆಗೆ ದಿನಕ್ಕೆ ಅರ್ಧ ಗಂಟೆ ಪ್ರಶ್ನೆ ಓದಿ ಅರ್ಥ ಹೇಳುವ ಅಭ್ಯಾಸ ಇರಲಿ. ಉತ್ತರ ಬರೆಸುವುದು ಬೇಡ, ಪ್ರಶ್ನೆ ಏನು ಕೇಳುತ್ತಿದೆ ಅಂತ ಹೇಳಿಸಿದರೆ ಸಾಕು. ಪರೀಕ್ಷೆಯಲ್ಲಿ ಓದಿಕೊಳ್ಳಲು ಕೊಡುವ 15 ನಿಮಿಷವನ್ನು ಬಹಳ ಮಕ್ಕಳು ಪೆನ್ನು ಸರಿಮಾಡಿಕೊಳ್ಳುತ್ತಾ ಕಳೆಯುತ್ತಾರೆ.

2025ರ ಆ 15 ಮಕ್ಕಳನ್ನು ಮರೆಯಬೇಡಿ. 2024ರಿಂದ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಯ ಪದ್ಧತಿ ಬಂತು, ಯಾವುದರಲ್ಲಿ ಹೆಚ್ಚು ಅಂಕ ಬರುತ್ತದೋ ಅದನ್ನೇ ಉಳಿಸಿಕೊಳ್ಳಬಹುದಿತ್ತು. 2025ರಲ್ಲಿ ಎರಡನೆಯದು ಮೇ ಕೊನೆಗೇ ಶುರುವಾಯಿತು. ನಿಮ್ಮ 15 ಮಕ್ಕಳಲ್ಲಿ ಎಷ್ಟು ಜನ ಮತ್ತೆ ಬರೆದರು, ಎಷ್ಟು ಜನ ದಾಟಿದರು? ಯಾರು ಗಾರ್ಮೆಂಟ್ಸ್ ಸೇರಿದರು, ಯಾರಿಗೆ ಮದುವೆ ಮಾತು ನಡೆದಿದೆ? 25 ಪಾಸಾದರು ಅನ್ನುವ ಸುದ್ದಿ ಮೊದಲ ದಿನದ್ದು. ಆಮೇಲೆ ಐದಾರು ಮಕ್ಕಳು ದಾಟಿದ್ದರೆ ಅದನ್ನು ಊರಲ್ಲಿ ಯಾರೂ ಎಣಿಸಿರುವುದಿಲ್ಲ. ಉಳಿದವರು ಹೆದರಿಕೊಂಡು ಮನೆಯಲ್ಲಿ ಕೂತಿದ್ದರೆ, ಸಮಿತಿಯವರೇ ಹೋಗಿ ಪರೀಕ್ಷಾ ಶುಲ್ಕ ಕಟ್ಟಿಸಿ ಬನ್ನಿ.

ಕೊನೆಗೆ ನಿಮ್ಮ ಮಗಳು. 9ನೇ ತರಗತಿಯವರೆಗೆ ಕನ್ನಡದಲ್ಲಿ ವಿಜ್ಞಾನ, ಗಣಿತ ಕಲಿತವಳನ್ನು ಎಸ್‌ಎಸ್‌ಎಲ್‌ಸಿ ವರ್ಷದಲ್ಲಿ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಬೇಡಿ. ‘ದ್ಯುತಿಸಂಶ್ಲೇಷಣೆ’ ಗೊತ್ತಿರುವ ಮಗುವಿಗೆ ಅದೇ ಪಾಠ ಬೇರೆ ಹೆಸರಲ್ಲಿ ಬಂದಾಗ, ಗೊತ್ತಿರುವುದೂ ಗೊತ್ತಿಲ್ಲದ ಹಾಗೆ ಆಗುತ್ತದೆ. ಆ ಖಾಸಗಿ ಶಾಲೆಯಲ್ಲಿ ಕನ್ನಡ ಮಾಧ್ಯಮ ಇದ್ದರೂ, ದಿನಾ ಎರಡು ಗಂಟೆ ಬಸ್ಸಿನಲ್ಲಿ ಕಳೆಯುವ ಬದಲು ಆ ಹೊತ್ತು ಮನೆಯಲ್ಲಿ ಓದಲಿ. ನಿಮ್ಮ ಶಾಲೆಯಲ್ಲಿ ಗಣಿತ, ವಿಜ್ಞಾನ, ಇಂಗ್ಲಿಷಿಗೆ ಮೇಷ್ಟ್ರು ಇದ್ದಾರೆ ಅಂದರೆ ಅಲ್ಲೇ ಇರಲಿ. ಇಲ್ಲ ಅಂದರೆ ಮಾತ್ರ ಯೋಚನೆ ಮಾಡಿ, ಅದೂ ಈ ಜೂನ್‌ಗೆ ಮುಂಚೆ.

ಇವತ್ತು ರಾತ್ರಿ ಊಟ ಆದ ಮೇಲೆ ಆ ಆಯತದ ಲೆಕ್ಕವನ್ನು ಅವಳಿಗೆ ಕೊಟ್ಟು ಗಟ್ಟಿಯಾಗಿ ಓದಲು ಹೇಳಿ. ‘ಅಗಲಕ್ಕಿಂತ’ ಅನ್ನುವುದನ್ನು ಪೂರ್ತಿ ಓದುತ್ತಾಳಾ ನೋಡಿ. ಆಮೇಲೆ ಒಂದು ಹಾಳೆಯಲ್ಲಿ ಆಯತದ ಚಿತ್ರ ಬರೆದು ಅಗಲ, ಉದ್ದ ಗುರುತು ಮಾಡು ಅನ್ನಿ. ವರ್ಗ ಸಮೀಕರಣ ಇನ್ನೂ ಕಲಿತಿಲ್ಲದಿದ್ದರೂ ಪರವಾಗಿಲ್ಲ, 1, 2, 3 ಅಂತ ಹಾಕಿ ನೋಡಿ 5 ಹುಡುಕುತ್ತಾಳೆ. ಕೊನೆಗೆ 9ರಿಂದ ಮೈನಸ್ 160 ಕಳೆದರೆ ಎಷ್ಟು ಅಂತ ಕೇಳಿ. ಎಲ್ಲಿ ತಡವರಿಸಿದಳು ಅಂತ ನನಗೆ ಬರೆಯಿರಿ, ಅಲ್ಲಿಂದ ಶುರು ಮಾಡೋಣ.